ಹಳ್ಳಿ ಮೇಷ್ಟ್ರು ಹುಟ್ಟಿಸಿದ ಬಿಳಿ ದ್ರಾಕ್ಷಿ, ಬಾಕೊ

ಹೈಬ್ರಿಡ್ ಅಂದ ತಕ್ಷಣ ಮೂಗು ಮುರಿಯೋರು ನಮ್ಮಲ್ಲಿ ಮಾತ್ರ ಇಲ್ಲ, ಫ್ರಾನ್ಸಲ್ಲೂ ಇದಾರೆ, ವೈನ್ ವಿಷಯಕ್ಕೆ ಬಂದ್ರಂತೂ ಕೇಳೋದೇ ಬೇಡ. ಆದ್ರೆ ಅದೇ ದೇಶದ ನೈಋತ್ಯ ಮೂಲೇಲಿ ಆರ್ಮನ್ಯಾಕ್ ಅಂತ ಬ್ರಾಂಡಿ ಮಾಡ್ತಾರಲ್ಲ, ಕೊನ್ಯಾಕ್ ಅನ್ನೋ ಹೆಸರಾಂತ ಬ್ರಾಂಡಿಗಿಂತ ಹಳೇದು, ಅದಕ್ಕೆ ಬಳಸೋ ಮುಖ್ಯ ದ್ರಾಕ್ಷಿಗಳಲ್ಲಿ ಒಂದು ಅಪ್ಪಟ ಹೈಬ್ರಿಡ್. ಬಾಕೊ ಬ್ಲಾಂ ಅಂತ ಹೆಸರು, ಬಾಕೊ 22ಎ ಅಂತಲೂ ಕರೀತಾರೆ. 1898ರಲ್ಲಿ ಲಾಂಡ್ ಪ್ರಾಂತ್ಯದ ಬೆಲ್ಯೂಸ್ ಅನ್ನೋ ಹಳ್ಳಿಯ ಸ್ಕೂಲ್ ಮೇಷ್ಟ್ರು ಫ್ರಾಂಸ್ವಾ ಬಾಕೊ ಹುಟ್ಟಿಸಿದ ತಳಿ. ತಾಯಿ ಫಾಲ್ ಬ್ಲಾನ್ಶ್, ಅಲ್ಲಿನ ಹಳೇ ಬಿಳಿ ದ್ರಾಕ್ಷಿ. ತಂದೆ ನೋಆ, ಅಮೆರಿಕದ ಕಾಡುದ್ರಾಕ್ಷಿಗಳ ರಕ್ತದ್ದು.

ಯಾಕೆ ಬೇಕಿತ್ತು ಈ ಬೆರಕೆ? 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫೈಲೊಕ್ಸೆರಾ ಅನ್ನೋ ಪುಟಾಣಿ ಹೇನು ಫ್ರಾನ್ಸಿನ ತೋಟಗಳನ್ನ ನುಂಗೋಕೆ ಶುರು ಮಾಡ್ತು, 1868ರಲ್ಲಿ ಪ್ಲಾಂಶೋನ್ ಅನ್ನೋ ಸಸ್ಯವಿಜ್ಞಾನಿ ಮತ್ತವರ ಜೊತೆಗಾರರು ಸಾಯ್ತಿರೋ ಬಳ್ಳಿಗಳ ಬೇರಲ್ಲಿ ಅದನ್ನ ಪತ್ತೆ ಮಾಡಿದ್ರು. ಹೇನು ಬೇರಿಗೆ ಚುಚ್ಚತ್ತೆ, ಗಾಯ ಊದ್ಕೊಳತ್ತೆ, ಅಲ್ಲಿಂದ ಶಿಲೀಂಧ್ರ ನುಗ್ಗಿ ಬೇರು ಕೊಳೆಯತ್ತೆ. ಅಮೆರಿಕದ ಬಳ್ಳಿಗಳು ಈ ಹುಳುವಿನ ಜೊತೇನೇ ವಿಕಾಸ ಆದವು, ಗಾಯದ ಸುತ್ತ ಬೆಂಡಿನಂಥ ಪದರ ಕಟ್ಟಿ ಬಾಗಿಲು ಹಾಕ್ಕೊಳ್ತವೆ. ಅದಕ್ಕೇ ಅಮೆರಿಕದ ಬೇರಿನ ಮೇಲೆ ಫ್ರೆಂಚ್ ಕೊಂಬೆ ಕಸಿ ಮಾಡೋ ಪದ್ಧತಿ ಬಂತು.

ಇಲ್ಲಿ ಜನ ತುಂಬ ಗೊಂದಲ ಮಾಡ್ಕೊಳ್ತಾರೆ, ಕಸಿ ಬೇರೆ, ಹೈಬ್ರಿಡ್ ಬೇರೆ ಸ್ವಾಮಿ. ನಾಟಿ ಮಾವಿನ ಬುಡಕ್ಕೆ ಬಾದಾಮಿ ಕಸಿ ಕಟ್ಟಿದ್ರೆ ಬಿಡೋದು ಬಾದಾಮಿ ಹಣ್ಣೇ, ಬುಡದ ಜೀನ್ ಬುಡದಲ್ಲೇ, ಕೊಂಬೆಯದು ಕೊಂಬೆಯಲ್ಲೇ. ಹಂಗಾಗಿ ಕಸಿ ಬೇರನ್ನ ಉಳಿಸತ್ತೆ, ಆದ್ರೆ ಎಲೆ, ಹಣ್ಣಿಗೆ ಬರೋ ರೋಗದ ಮುಂದೆ ಕೈಚೆಲ್ಲತ್ತೆ. ಅದೇ ಕಾಲದಲ್ಲಿ ಅಮೆರಿಕದಿಂದ ಡೌನಿ ಮಿಲ್ಡ್ಯೂ, ಬ್ಲ್ಯಾಕ್ ರಾಟ್ ಅನ್ನೋ ಅಂಥ ರೋಗಗಳೂ ಬಂದಿದ್ವು, ಅದರ ಮೇಲೆ ಫಾಲ್ ಬ್ಲಾನ್ಶ್ ಕಸಿಯಾದ್ಮೇಲೆ ಜೋರಾಗಿ ಬೆಳೆದು ಗೊಂಚಲು ಒತ್ತೊತ್ತಾಗಿ, ಗಾಳಿಯಾಡದೆ ಬೂದು ಕೊಳೆ ಹಿಡಿಯೋದು. ಹೈಬ್ರಿಡ್‌ನಲ್ಲಿ ಪರಾಗ ಸೇರಿ ಬೀಜದಲ್ಲೇ ಎರಡೂ ಕಡೆಯ ಜೀನ್ ಬೆರೆಯತ್ತೆ, ಅದರಿಂದ ಬಂದ ಸಸಿಯ ಒಂದೊಂದು ಎಲೆಯಲ್ಲೂ ಹಣ್ಣಲ್ಲೂ ಅಮ್ಮ ಅಪ್ಪ ಇಬ್ಬರೂ ಇರ್ತಾರೆ. ಬೀಜದಿಂದ ಬೀಜಕ್ಕೆ ಮಕ್ಕಳು ಬೇರೆ ಬೇರೆ, ಆದ್ರಿಂದ ಚೆನ್ನಾಗಿರೋ ಒಂದು ಸಸಿ ಸಿಕ್ಕಿದ್ರೆ ಆಮೇಲೆ ಕಡ್ಡಿ ಕತ್ತರಿಸಿಯೇ ಬೆಳೆಸ್ಬೇಕು, ಇವತ್ತಿನ ಬಾಕೊ ಬಳ್ಳಿಗಳೆಲ್ಲ ಮೇಷ್ಟ್ರ ಒಂದೇ ಸಸಿಯ ತುಂಡುಗಳು.

ಅಪ್ಪ ನೋಆನ ಕಥೆ ಮಾತ್ರ ಕೆಟ್ಟದು. 1934ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಆರು ಅಮೆರಿಕನ್ ಮೂಲದ ತಳಿಗಳನ್ನ ನಿಷೇಧಿಸ್ತು, ನೋಆ ಅದರಲ್ಲಿ ಒಂದು. ಅದರ ವೈನಲ್ಲಿ ಮೆಥನಾಲ್ ಅನ್ನೋ ವಿಷದ ಆಲ್ಕೋಹಾಲ್ ಇರತ್ತೆ, ಹುಚ್ಚು ಹಿಡಿಯತ್ತೆ ಅನ್ನೋ ಗುಲ್ಲು ಆವತ್ತಿಂದ ಇವತ್ತಿನವರೆಗೂ ನಿಂತಿಲ್ಲ. ಹಣ್ಣಿನಲ್ಲಿರೋ ಪೆಕ್ಟಿನ್ ಅನ್ನೋ ಅಂಟಿನಂಥ ವಸ್ತು ಒಡೆದಾಗ ಒಂಚೂರು ಮೆಥನಾಲ್ ಬರೋದು ನಿಜ, ಆದ್ರೆ ಅದು ಎಲ್ಲಾ ವೈನಲ್ಲೂ ಬರತ್ತೆ! ಆಗ ದೇಶದ ತುಂಬ ವೈನ್ ಉಕ್ಕಿ ಬೆಲೆ ಬಿದ್ದೋಗಿತ್ತು, ಸುಲಭಕ್ಕೆ ಜಾಸ್ತಿ ಬೆಳೆ ಕೊಡೋ ಬಳ್ಳಿಗಳ ಮೇಲೆ ಕಣ್ಣು ಬಿದ್ದಿದ್ದು ಅದಕ್ಕೇ ಅಂತ ನನ್ನ ಅಭಿಪ್ರಾಯ. ಮಜಾ ಏನಪ್ಪ ಅಂದ್ರೆ ಆ ಆರರ ಪಟ್ಟೀಲಿ ಇಸಾಬೆಲ್ ಕೂಡ ಇದೆ, ಅದು ಬೇರಾವುದೂ ಅಲ್ಲ, ನಮ್ಮ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯೋ ಬೆಂಗಳೂರು ಬ್ಲೂ. ಅಲ್ಲಿ ನಿಷೇಧ, ಇಲ್ಲಿ ಜಿಐ ಟ್ಯಾಗ್. ಎಷ್ಟು ತಲೆಮಾರಿಂದ ತಿಂತಿದೀವಿ, ಜ್ಯೂಸ್ ಕುಡೀತಿದೀವಿ, ಯಾರಿಗ್ರೀ ಹುಚ್ಚು ಹಿಡೀತು?

ಬಾಕೊ ಆ ಪಟ್ಟೀಲಿ ಇರಲಿಲ್ಲ. ವೈನ್ ಆಗಿ ಕುಡಿಯೋಕೆ ಅಂಥ ರುಚಿಯೇನಿಲ್ಲ, ಹುಳಿ ಜಾಸ್ತಿ, ಆದ್ರೆ ಭಟ್ಟಿ ಇಳಿಸೋಕೆ ಬೇಕಿರೋದೇ ಆ ಹುಳಿ ಮತ್ತು ಕಮ್ಮಿ ಆಲ್ಕೋಹಾಲ್. ಆರ್ಮನ್ಯಾಕ್ ಸೀಮೆಯ ಒಂದು ಭಾಗ ಬಾ-ಆರ್ಮನ್ಯಾಕ್‌ನ ಕಂದು ಮರಳುನೆಲದಲ್ಲಿ ಬೆಳೆದು, ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ಬಾಕೊ ಬ್ರಾಂಡಿಯ ದಪ್ಪ, ದುಂಡನೆ ರುಚೀನ ಹೊಗಳೋರು ತುಂಬ ಜನ. ಹೈಬ್ರಿಡ್ ಅನ್ನೋ ಒಂದೇ ಕಾರಣಕ್ಕೆ ಇದನ್ನ ತೆಗೆದುಹಾಕ್ಬೇಕು ಅನ್ನೋ ಒತ್ತಡ ಬಂದಿತ್ತು, ಬೆಳೆಗಾರರು ಬಿಡಲಿಲ್ಲ, ಉಳಿಸ್ಕೊಂಡ್ರು.

ಹಂಗಂತ ಬಾಕೊ ಯಾವ ರೋಗಕ್ಕೂ ಜಗ್ಗಲ್ಲ ಅಂತಲ್ಲ. 20ನೇ ಶತಮಾನದ ಮಧ್ಯದಲ್ಲಿ ಎಲೆ ಹಳದಿಯಾಗಿ ಗೊಂಚಲು ಒಣಗೋ ಹೊಸ ಕಾಯಿಲೆ ಕಂಡಿದ್ದು ಮೊದಲು ಇದರಲ್ಲೇ, 'ಬಾಕೊ 22ಎ ರೋಗ' ಅಂತಲೇ ಕರೆದ್ರು, ಈಗ ಫ್ಲಾವೆಸಾನ್ಸ್ ಡೊರೇ ಅಂತಾರೆ. ಹರಡೋದು ಒಂದು ಜಿಗಿಹುಳು, ಅದೂ ಅಮೆರಿಕದಿಂದ ಬಂದಿದ್ದೇ. ಬೇರೆ ಎಷ್ಟೋ ತಳಿಗಳು ಇದಕ್ಕೆ ಸತ್ತೇ ಹೋಗ್ತವೆ, ಬಾಕೊ ಮತ್ತೆ ಹುಳು ತಗಲದೇ ಇದ್ರೆ ಎಷ್ಟೋ ಸಲ ಮುಂದಿನ ವರ್ಷ ತಾನೇ ಚೇತರಿಸ್ಕೊಳತ್ತೆ.