ಕುಂಟುನ್ಸೆಯ ಡಿಶ್ ಮತ್ತು ಆಫ್ರಿಕಾದ ಖಗೋಳ ವಿದ್ಯಾರ್ಥಿಗಳು

ಘಾನಾದ ರಾಜಧಾನಿ ಅಕ್ರಾದ ಸಮೀಪದ ಕುಂಟುನ್ಸೆಯಲ್ಲಿ 32 ಮೀಟರ್ ವ್ಯಾಸದ ಒಂದು ಡಿಶ್ ಆಂಟೆನಾ ಇದೆ. ಉಪಗ್ರಹಗಳ ಮೂಲಕ ವಿದೇಶಿ ದೂರವಾಣಿ ಕರೆಗಳನ್ನು ಸಾಗಿಸಲು 1981ರಲ್ಲಿ ಅದನ್ನು ನಿಲ್ಲಿಸಲಾಗಿತ್ತು. ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್‌ಗಳು ಪಶ್ಚಿಮ ಆಫ್ರಿಕಾದ ತೀರವನ್ನು ಮುಟ್ಟಿದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು. ಗುಜರಿ ಸೇರಬಹುದಾಗಿದ್ದ ಆ ಡಿಶ್ಶನ್ನು ಘಾನಾ ಮತ್ತು ದಕ್ಷಿಣ ಆಫ್ರಿಕಾದ ತಜ್ಞರು ಕೂಡಿ, ಆಕಾಶಕಾಯಗಳಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ರೇಡಿಯೊ ದೂರದರ್ಶಕವನ್ನಾಗಿ ಮಾರ್ಪಡಿಸಿದರು. 2017ರಲ್ಲಿ ಅದರ ಉದ್ಘಾಟನೆಯಾಯಿತು.

ಈ ಮಾರ್ಪಾಡು ಸುಲಭದ್ದಲ್ಲ. ಭೂಸ್ಥಿರ ಉಪಗ್ರಹವು ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುವುದರಿಂದ ಅದರತ್ತ ತಿರುಗಿಸಿದ ಡಿಶ್ ಅಲುಗಾಡಬೇಕಾಗಿಲ್ಲ. ನಕ್ಷತ್ರವನ್ನು ಹಿಂಬಾಲಿಸುವ ಡಿಶ್ಶಾದರೋ ಭೂಮಿಯ ಭ್ರಮಣೆಯನ್ನು ಸರಿದೂಗಿಸುತ್ತ ಗಂಟೆಗಟ್ಟಲೆ ನಿಖರವಾಗಿ ಚಲಿಸುತ್ತಲೇ ಇರಬೇಕು. ಅದರ ಮೋಟಾರುಗಳನ್ನೂ ನಿಯಂತ್ರಣ ವ್ಯವಸ್ಥೆಯನ್ನೂ ಹೊಸದಾಗಿ ಸಜ್ಜುಗೊಳಿಸಿ, ಅತಿ ಕ್ಷೀಣ ಸಂಕೇತಗಳನ್ನು ಹಿಡಿಯಬಲ್ಲ ಗ್ರಾಹಕವನ್ನು (ರಿಸೀವರ್) ಅಳವಡಿಸಬೇಕಾಯಿತು. ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿ ಮೆಥನಾಲ್ ಅಣುಗಳು 6.7 ಗಿಗಾಹರ್ಟ್ಸ್ ಆವರ್ತನದಲ್ಲಿ ಹೊಮ್ಮಿಸುವ ತೀಕ್ಷ್ಣ ವಿಕಿರಣವು ಅದು ಮೊದಮೊದಲು ಗುರುತಿಸಿದ ಸಂಕೇತಗಳಲ್ಲೊಂದು.

ಈ ಡಿಶ್ ಇರುವ ಸ್ಥಳವೇ ಅದರ ದೊಡ್ಡ ಬೆಲೆ. 6.7 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 4.5 ಸೆಂಟಿಮೀಟರ್ ಇರುವುದರಿಂದ ಒಂಟಿಯಾಗಿ ಈ ಡಿಶ್ ಚಂದ್ರಬಿಂಬದ ಸುಮಾರು ಐದನೆಯ ಒಂದು ಭಾಗಕ್ಕಿಂತ ಕಿರಿದಾದ ವಿವರಗಳನ್ನು ಬಿಡಿಸಿ ನೋಡಲಾರದು. ಆದರೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ದಕ್ಷಿಣ ಆಫ್ರಿಕಾದ ಹಾರ್ಟಬೀಸ್ಟ್‌ಹುಕ್ ದೂರದರ್ಶಕದ ದತ್ತಾಂಶದೊಂದಿಗೆ ಅದರ ದತ್ತಾಂಶವನ್ನು ಬೆರೆಸಿದರೆ ವಿವರಗಳನ್ನು ಬಿಡಿಸಿ ನೋಡುವ ಆ ಸಾಮರ್ಥ್ಯ ಲಕ್ಷ ಪಟ್ಟಿಗೂ ಮಿಗಿಲಾಗಿ ಹೆಚ್ಚುತ್ತದೆ. ಹೀಗೆ ಜೊತೆಗೂಡಿ ಕೆಲಸ ಮಾಡುವ ಯುರೋಪಿನ ದೂರದರ್ಶಕಗಳಿಗೂ ಹಾರ್ಟಬೀಸ್ಟ್‌ಹುಕ್‌ಗೂ ನಡುವೆ ಬಹುಕಾಲ ದೊಡ್ಡ ತೆರಪಿತ್ತು. ಸಮಭಾಜಕಕ್ಕೆ ಹತ್ತಿರವಿರುವ ಘಾನಾ ಆ ತೆರಪನ್ನು ತುಂಬಬಲ್ಲದು. ಮೇಲಾಗಿ ಅಲ್ಲಿಂದ ಉತ್ತರ ಮತ್ತು ದಕ್ಷಿಣದ ಆಕಾಶಗಳೆರಡೂ ಬಹುಮಟ್ಟಿಗೆ ಕಾಣುತ್ತವೆ.

ಘಾನಾ, ಕೀನ್ಯಾ, ಝಾಂಬಿಯಾ, ಮಡಗಾಸ್ಕರ್ ಮೊದಲಾದ ದೇಶಗಳ ಪದವೀಧರರಿಗೆ ಬ್ರಿಟನ್ ಮತ್ತು ದಕ್ಷಿಣ ಆಫ್ರಿಕಾಗಳ ನೆರವಿನ 'ಡಾರಾ' ಯೋಜನೆ ರೇಡಿಯೊ ಖಗೋಳಶಾಸ್ತ್ರದ ಮೂಲ ತರಬೇತಿ ನೀಡುತ್ತ ಬಂದಿದೆ. ಅವರಲ್ಲಿ ಕೆಲವರು ಮುಂದೆ ಸ್ನಾತಕೋತ್ತರ ಪದವಿ ಮತ್ತು ಪಿಎಚ್‌.ಡಿ.ಗೆ ಸಾಗುತ್ತಾರೆ. ವಿದ್ಯಾರ್ಥಿವೇತನದಷ್ಟೇ ಮುಖ್ಯವಾದದ್ದು ಸ್ವಂತ ನೆಲದ ಉಪಕರಣ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ದೂರದ ದೇಶದ ದತ್ತಾಂಶವನ್ನು ಇಳಿಸಿಕೊಂಡು ಕಲಿಯುವ ವಿದ್ಯಾರ್ಥಿಗೆ ವಿಶ್ಲೇಷಣೆ ಬರುತ್ತದೆ, ನಿಜ. ಆದರೆ ಗ್ರಾಹಕದ ಗದ್ದಲ ಯಾವುದು, ಆಕಾಶದ ಸಂಕೇತ ಯಾವುದು ಎಂದು ಉಪಕರಣದ ಪಕ್ಕದಲ್ಲೇ ನಿಂತು ಪರೀಕ್ಷಿಸಿದವರಿಗೆ ಮುಂದಿನ ಉಪಕರಣವನ್ನು ತಾವೇ ವಿನ್ಯಾಸಗೊಳಿಸುವ ಧೈರ್ಯವೂ ಬರುತ್ತದೆ.

ಇದಕ್ಕೆ ಹಳೆಯದೊಂದು ನಿದರ್ಶನವಿದೆ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಮಾರಿಷಸ್ ವಿಶ್ವವಿದ್ಯಾಲಯವು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗಳೊಂದಿಗೆ ಸೇರಿ ಬ್ರಾ ದೋ ಎಂಬಲ್ಲಿ ಒಂದು ರೇಡಿಯೊ ದೂರದರ್ಶಕವನ್ನು ಕಟ್ಟಿತು. 1992ರಲ್ಲಿ ಅದು ಕೆಲಸ ಆರಂಭಿಸಿತು. ಪೂರ್ವ-ಪಶ್ಚಿಮವಾಗಿ ಎರಡು ಕಿಲೋಮೀಟರ್ ಉದ್ದಕ್ಕೆ 1024 ಸುರುಳಿ ಆಂಟೆನಾಗಳು, ದಕ್ಷಿಣದ ಕಡೆಗೆ ಹಳಿಯ ಮೇಲೆ ಸರಿಯುವ ಗಾಡಿಗಳು. 151.5 ಮೆಗಾಹರ್ಟ್ಸ್‌ನಲ್ಲಿ ದಕ್ಷಿಣ ಆಕಾಶದ ನಕ್ಷೆಯನ್ನು ತಯಾರಿಸುವ ಆ ಕೆಲಸದಲ್ಲಿ ಮಾರಿಷಸ್‌ನ ವಿದ್ಯಾರ್ಥಿಗಳು ಪಿಎಚ್‌.ಡಿ. ಪಡೆದರು.

ಈಗ ದಕ್ಷಿಣ ಆಫ್ರಿಕಾದ ಕರೂ ಪ್ರದೇಶದಲ್ಲಿ 2018ರಲ್ಲಿ ಉದ್ಘಾಟನೆಯಾದ ಮೀರ್‌ಕ್ಯಾಟ್ ರೇಡಿಯೊ ದೂರದರ್ಶಕದ 64 ಡಿಶ್‌ಗಳನ್ನು ಒಳಗೊಂಡು ಒಟ್ಟು 197 ಡಿಶ್‌ಗಳ ಬೃಹತ್ ದೂರದರ್ಶಕ ರೂಪುಗೊಳ್ಳುತ್ತಿದೆ. ಅದರ ಆಫ್ರಿಕನ್ ಪಾಲುದಾರ ದೇಶಗಳಲ್ಲಿ ಘಾನಾ ಮತ್ತು ಮಾರಿಷಸ್ ಎರಡೂ ಇವೆ. ಪಿಎಚ್‌.ಡಿ. ಮುಗಿಸಿದವರಿಗೆ ಆ ದೇಶಗಳ ವಿಶ್ವವಿದ್ಯಾಲಯಗಳಲ್ಲೇ ಖಾಯಂ ಹುದ್ದೆ, ಪ್ರಯೋಗಾಲಯ ಮತ್ತು ಬಿಡಿಭಾಗಗಳಿಗೆ ಹಣ ಸಿಗದಿದ್ದರೆ ಅವರು ಯುರೋಪಿಗೋ ಅಮೆರಿಕಕ್ಕೋ ಹೋಗುವುದು ಸಹಜ. ಆಗ ಕುಂಟುನ್ಸೆಯಂಥ ಉಪಕರಣವನ್ನು ದಿನವೂ ನಡೆಸಿ, ಮುಂದಿನ ವಿದ್ಯಾರ್ಥಿಗಳಿಗೆ ಕಲಿಸುವ ಹಿರಿಯರ ಕೊರತೆ ಹಾಗೆಯೇ ಉಳಿಯುತ್ತದೆ.