ಆಸ್ಕರ್ ಡೆ ಲಾ ಹೋಯಾ: ಕರಾರಿನ ಎರಡೂ ಬದಿಯಲ್ಲಿ ನಿಂತ ಬಾಕ್ಸರ್

ಡೆ ಲಾ ಹೋಯಾ ಅವರ ಬದುಕನ್ನು ಓದುವಾಗ ಪ್ರಶಸ್ತಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಹಣ ಯಾರ ಕೈ ದಾಟಿ ಯಾರಿಗೆ ಸೇರಿತು ಎಂದು ಗಮನಿಸುವುದು ಲಾಭದಾಯಕ. ಅದಕ್ಕೆ ಮೊದಲು ಮ್ಯಾನೇಜರ್, ಪ್ರಮೋಟರ್ ಇಬ್ಬರ ಕೆಲಸದ ವ್ಯತ್ಯಾಸ ತಿಳಿದಿರಬೇಕು. ಮ್ಯಾನೇಜರ್ ಬಾಕ್ಸರ್ ಪರವಾಗಿ ಚೌಕಾಸಿ ಮಾಡುತ್ತಾರೆ. ಬಾಕ್ಸರ್ ಗಳಿಕೆ ಏರಿದರೆ ಅವರ ಪಾಲೂ ಏರುತ್ತದೆ. ಪ್ರಮೋಟರ್ ಪಂದ್ಯ ಏರ್ಪಡಿಸುವವರು. ಸ್ಥಳ, ಟಿಕೆಟ್, ಟಿವಿ ಒಪ್ಪಂದ ಎಲ್ಲವೂ ಅವರದು, ನಷ್ಟವೂ ಅವರದೇ. ಬಾಕ್ಸರ್‌ಗೆ ಕೊಡುವ ಹಣ ಅವರ ಲೆಕ್ಕದಲ್ಲಿ ಖರ್ಚು. ಒಬ್ಬರೇ ಎರಡೂ ಪಾತ್ರ ವಹಿಸಿದರೆ ಬಾಕ್ಸರ್ ಪರ ಮಾತನಾಡಲು ಯಾರೂ ಉಳಿಯುವುದಿಲ್ಲ. ಅಮೆರಿಕದಲ್ಲಿ 2000ರಲ್ಲಿ ಬಂದ, ಮಹಮ್ಮದ್ ಅಲಿ ಹೆಸರಿನ ಸುಧಾರಣಾ ಕಾಯ್ದೆ ಇವೆರಡರ ನಡುವೆ ಗೋಡೆ ಕಟ್ಟಲು ಹೊರಟಿತು. ಪಂದ್ಯದಿಂದ ತನಗೆ ಬರುವ ಹಣವನ್ನು ಪ್ರಮೋಟರ್ ಬಾಕ್ಸರ್‌ಗೆ ತಿಳಿಸಬೇಕೆಂದೂ ವಿಧಿಸಿತು.

ಡೆ ಲಾ ಹೋಯಾ ಹುಟ್ಟಿದ್ದು 1973ರಲ್ಲಿ, ಲಾಸ್ ಏಂಜಲೀಸ್‌ನ ಪೂರ್ವ ಭಾಗದಲ್ಲಿ, ಮೆಕ್ಸಿಕೊ ಮೂಲದ ಕುಟುಂಬದಲ್ಲಿ. ಅಜ್ಜ, ಅಪ್ಪ ಇಬ್ಬರೂ ಬಾಕ್ಸರ್‌ಗಳು. ತಾಯಿ 1990ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಎರಡು ವರ್ಷಗಳ ನಂತರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಲೈಟ್‌ವೇಟ್ ವಿಭಾಗದಲ್ಲಿ ಅವರು ಚಿನ್ನ ಗೆದ್ದರು. ಆ ಕೂಟದಲ್ಲಿ ಅಮೆರಿಕದ ಬಾಕ್ಸರ್‌ಗಳಿಗೆ ದಕ್ಕಿದ ಚಿನ್ನ ಅದೊಂದೇ. ವೃತ್ತಿಪರರಾಗಿ ಆರು ತೂಕ ವಿಭಾಗಗಳಲ್ಲಿ ವಿಶ್ವ ಪ್ರಶಸ್ತಿ, ಒಟ್ಟು 39 ಗೆಲುವು, 6 ಸೋಲು. ರಿಂಗಿನ ಕಥೆಗೆ ಇಷ್ಟು ಸಾಕು.

ಅವರ ಆರಂಭದ ಪ್ರಮೋಟರ್ ಟಾಪ್ ರ‍್ಯಾಂಕ್ ಸಂಸ್ಥೆಯ ಬಾಬ್ ಆರಮ್. ಆ ಕರಾರಿನಿಂದ ಹೊರಬರಲು ಡೆ ಲಾ ಹೋಯಾ ನ್ಯಾಯಾಲಯದ ಮೆಟ್ಟಿಲೇರಿದರು. ಬಳಿಕ ಬ್ಯಾಂಕಿಂಗ್ ಹಿನ್ನೆಲೆಯ ರಿಚರ್ಡ್ ಶೇಫರ್ ಅವರ ಜೊತೆ ಗೋಲ್ಡನ್ ಬಾಯ್ ಪ್ರಮೋಷನ್ಸ್ ಎಂಬ ಸ್ವಂತ ಪ್ರಮೋಟರ್ ಸಂಸ್ಥೆ ಕಟ್ಟಿದರು. 2004ರಲ್ಲಿ ತಮ್ಮನ್ನು ಹೊಟ್ಟೆಗೆ ಹೊಡೆದು ಕೆಡವಿದ ಬರ್ನಾರ್ಡ್ ಹಾಪ್ಕಿನ್ಸ್ ಅವರನ್ನೇ ಪಾಲುದಾರರನ್ನಾಗಿ ಮಾಡಿಕೊಂಡದ್ದು ನನಗೆ ತುಂಬ ಜಾಣ ನಡೆಯಾಗಿ ಕಾಣುತ್ತದೆ.

2007ರ ಮೇ 5ರಂದು ಫ್ಲಾಯ್ಡ್ ಮೇವೆದರ್ ಎದುರಿನ ಪಂದ್ಯವನ್ನು ವಿಶೇಷವಾಗಿ ಗುರುತು ಹಾಕಿಕೊಳ್ಳಿ. ಅಮೆರಿಕದಲ್ಲಿ ಸುಮಾರು 24 ಲಕ್ಷ ಮಂದಿ ಚಂದಾದಾರರು ಪೇ ಪರ್ ವ್ಯೂನಲ್ಲಿ, ಅಂದರೆ ಆ ಒಂದು ಪಂದ್ಯವನ್ನು ಟಿವಿಯಲ್ಲಿ ನೋಡಲೆಂದೇ ಪ್ರತ್ಯೇಕ ಹಣ ಕೊಟ್ಟು, ಅದನ್ನು ಖರೀದಿಸಿದರು. ಅಂದಿಗೆ ಅದು ದಾಖಲೆ. ತೀರ್ಪುಗಾರರ ಒಡಕು ತೀರ್ಪಿನಲ್ಲಿ ಡೆ ಲಾ ಹೋಯಾ ಸೋತರೂ ಗೆದ್ದವರಿಗಿಂತ ಹೆಚ್ಚು ಗಳಿಸಿದರು. ಪಂದ್ಯ ಏರ್ಪಡಿಸಿದ್ದು ಅವರದೇ ಸಂಸ್ಥೆ. ಮರುವರ್ಷ ಮ್ಯಾನಿ ಪ್ಯಾಕಿಯಾವೊ ಎದುರು ಎಂಟು ಸುತ್ತಿನ ಬಳಿಕ ಸೋಲೊಪ್ಪಿ ಕುರ್ಚಿಯಿಂದ ಏಳಲಿಲ್ಲ, 2009ರಲ್ಲಿ ನಿವೃತ್ತರಾದರು.

ಟೀಕೆಯನ್ನೂ ಬರೆದುಕೊಳ್ಳಬೇಕು. 2007ರಲ್ಲೇ ಅವರ ಸಂಸ್ಥೆ ಬಾಕ್ಸರ್‌ಗಳಿಗೆ ಶ್ರೇಯಾಂಕ ಕೊಡುವ ‘ದ ರಿಂಗ್’ ಪತ್ರಿಕೆಯನ್ನು ಕೊಂಡಿತು. ಪಂದ್ಯ ಮಾರುವವರ ಕೈಯಲ್ಲೇ ಶ್ರೇಯಾಂಕವೂ ಇದ್ದರೆ ಸಂಶಯ ಏಳದೇ ಇದ್ದೀತೇ?

ಇನ್ನು ಕನೆಲೊ ಆಲ್ವರೆಜ್ ಪ್ರಕರಣ. ಗೋಲ್ಡನ್ ಬಾಯ್‌ನ ಈ ದೊಡ್ಡ ತಾರೆಗೆ 2018ರಲ್ಲಿ ಡಜೋನ್ ಪ್ರಸಾರ ಸಂಸ್ಥೆಯೊಂದಿಗೆ 11 ಪಂದ್ಯಗಳಿಗೆ 36.5 ಕೋಟಿ ಡಾಲರಿನ ಒಪ್ಪಂದವಾಯಿತು. ಎರಡೇ ವರ್ಷದಲ್ಲಿ ಕನೆಲೊ ಪ್ರಸಾರ ಸಂಸ್ಥೆ, ಗೋಲ್ಡನ್ ಬಾಯ್, ಡೆ ಲಾ ಹೋಯಾ ಮೂವರ ಮೇಲೂ ದಾವೆ ಹೂಡಿದರು. ಒಮ್ಮೆ ಆರಮ್ ನಿಂತಿದ್ದ ಜಾಗದಲ್ಲಿ ಈಗ ಡೆ ಲಾ ಹೋಯಾ ನಿಂತಿದ್ದರು. 2020ರ ನವೆಂಬರಿನಲ್ಲಿ ಕನೆಲೊ ಕರಾರಿನಿಂದ ಬಿಡುಗಡೆ ಪಡೆದರು.