ಶಾಲಾ ಸಂಸತ್ತು ಅಂದರೆ ಚುನಾವಣೆ ಅಲ್ಲ

ಶಾಲೆ ಶುರುವಾಗಿ ಒಂದು ತಿಂಗಳಾಯಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಫೋಟೊಗಳು ಬರತೊಡಗುತ್ತವೆ. ಸ್ಕೆಚ್ ಪೆನ್ನಿನ ಗುರುತು ಹಾಕಿಸಿಕೊಂಡ ಬೆರಳು ತೋರಿಸುವ ಮಕ್ಕಳು. ಮೊಬೈಲನ್ನೇ ಇವಿಎಂ ಮಾಡಿಕೊಂಡು ಕೂತ ಮತಗಟ್ಟೆ. ಸಾಲಿನಲ್ಲಿ ನಿಂತ ಪುಟಾಣಿ ಮತದಾರರು. ಕೆಳಗೆ ಒಂದು ಸಾಲು: 'ನಮ್ಮ ಶಾಲೆಯಲ್ಲಿ ಶಾಲಾ ಸಂಸತ್ತು ಯಶಸ್ವಿಯಾಗಿ ಜರುಗಿತು.' ಸಿರಾ ಕಡೆಯಿಂದಲೂ ಇದೇ ಸಾಲು, ಗೌರಿಬಿದನೂರು ಕಡೆಯಿಂದಲೂ ಇದೇ, ಮಾಲೂರು ಕಡೆಯಿಂದಲೂ ಇದೇ. ಆದರೆ ಜರುಗಿದ್ದು ಚುನಾವಣೆ. ಆರಿಸಿ ಬಂದ ಮಕ್ಕಳು ಕೂತು ಶಾಲೆಯ ವಿಷಯ ಮಾತಾಡುವ ಸಂಸತ್ತು ಇನ್ನೂ ಸೇರಿಯೇ ಇಲ್ಲ.

ಹೆಸರು ತಪ್ಪಿದರೆ ಏನಾಯ್ತು ಅಂತ ಕೇಳಬಹುದು. ಆಗುವುದು ಇಷ್ಟು. ಚುನಾವಣೆಗೇ ಸಂಸತ್ತು ಎಂದುಬಿಟ್ಟರೆ ಫಲಿತಾಂಶದ ದಿನವೇ ಎಲ್ಲ ಮುಗಿದಂತೆ. ಪ್ರಮಾಣವಚನ ಆಯಿತು, ಬ್ಯಾಡ್ಜ್ ಚುಚ್ಚಿದ್ದಾಯಿತು, ಫೋಟೊ ಕಳಿಸಿದ್ದಾಯಿತು. ಮುಂದಿನ ಜೂನ್‌ವರೆಗೆ ಆ ಮಕ್ಕಳನ್ನು ಕೂರಿಸಿಕೊಂಡು 'ಏನ್ರಪ್ಪಾ, ಶಾಲೆಯಲ್ಲಿ ಏನು ಸರಿಯಿಲ್ಲ?' ಎಂದು ಕೇಳುವವರು ಸಿಗುವುದು ಕಷ್ಟ.

ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಸಂಸ್ಕೃತದಲ್ಲಿ 'ಸದ್' ಎಂಬ ಧಾತು ಇದೆ. ಅದರರ್ಥ ಕೂರುವುದು. 'ಸಂ' ಎಂದರೆ ಜೊತೆಯಾಗಿ. ಎರಡೂ ಸೇರಿ ಸಂಸತ್. ಒಟ್ಟಿಗೆ ಕೂರುವುದು, ಹಾಗೆ ಕೂತ ಸಭೆ. ಇದೇ ಧಾತುವಿನಿಂದ ಹುಟ್ಟಿದ ಪದಗಳು ನಮ್ಮ ಬಾಯಲ್ಲಿ ಬೇಕಾದಷ್ಟಿವೆ. ಸುತ್ತ ಕೂತವರದು ಪರಿಷತ್ತು. ಹತ್ತಿರ ಕೂರುವುದರಿಂದ ಉಪನಿಷತ್ತು. ಕೂರುವ ಜಾಗ ಸದನ. ಅಲ್ಲಿ ಕೂರುವವನು ಸದಸ್ಯ. ಈ ಇಡೀ ಬಳಗದಲ್ಲಿ ಎಲ್ಲಿ ಹುಡುಕಿದರೂ ಓಟು ಹಾಕುವ ಅರ್ಥ ಸಿಗುವುದಿಲ್ಲ. ಇನ್ನು ಪಾರ್ಲಿಮೆಂಟ್ ಎಂಬ ಪದ. ಅದರ ಮೂಲ ಫ್ರೆಂಚಿನ 'ಪಾರ್ಲೆ', ಅಂದರೆ ಮಾತಾಡು. ನಮ್ಮವರು ಕೂರುವುದರಿಂದ ಹೆಸರು ಕಟ್ಟಿದರು, ಅವರು ಮಾತಿನಿಂದ. ಕೂತು ಮಾತಾಡುವುದು ಎನ್ನುವುದರಲ್ಲಿ ಇಬ್ಬರದೂ ಸೇರುತ್ತದೆ. ಕೂರುವವರನ್ನು ಆರಿಸುವ ದಾರಿ ಮಾತ್ರ ಚುನಾವಣೆ.

ಮಂತ್ರಿ ಎಂಬ ಪದಕ್ಕೆ ಇನ್ನೂ ಜಾಸ್ತಿ ಅನ್ಯಾಯವಾಗಿದೆ. ಅದರ ಹಿಂದಿರುವುದು 'ಮನ್', ಅಂದರೆ ಯೋಚಿಸು ಎನ್ನುವ ಧಾತು. ಮಂತ್ರಾಲೋಚನೆ ಎನ್ನುತ್ತೇವಲ್ಲ, ಅದೇ. ಯೋಚಿಸಿ ಸಲಹೆ ಹೇಳುವವನು ಮಂತ್ರಿ. ಈಗ ನಮ್ಮ ಶಾಲೆಗಳ ಮಂತ್ರಿಮಂಡಲ ನೋಡಿ. ಸ್ವಚ್ಛತಾ ಮಂತ್ರಿಯ ಕೈಗೆ ಪೊರಕೆ. ನೀರಾವರಿ ಮಂತ್ರಿಯ ಕೈಗೆ ಗಿಡಕ್ಕೆ ನೀರು ಹಾಕುವ ಬಕೆಟ್. ಆಹಾರ ಮಂತ್ರಿ ಬಿಸಿಯೂಟದ ತಟ್ಟೆ ಎಣಿಸಬೇಕು. ಶಿಸ್ತಿನ ಮಂತ್ರಿ ಮೇಷ್ಟ್ರು ಇಲ್ಲದಾಗ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಕೆಲಸ ಹಂಚಿಕೊಂಡು ಮಾಡುವುದು ಒಳ್ಳೆಯದೇ, ಅದನ್ನು ಬೇಡ ಎನ್ನುತ್ತಿಲ್ಲ. ಆದರೆ ಸಲಹೆ ಕೇಳದೆ ಬರೀ ಕೆಲಸ ಹೇಳಿದರೆ ಆ ಮಗು ಮಂತ್ರಿ ಹೇಗಾಗುತ್ತದೆ? ನಾವೆಲ್ಲ ಓದುವಾಗ ಅದಕ್ಕೆ ಲೀಡರ್ ಎನ್ನುತ್ತಿದ್ದರು, ಮಾನಿಟರ್ ಎನ್ನುತ್ತಿದ್ದರು. ಆ ಹೆಸರೇ ಸರಿಯಾಗಿತ್ತು. ಮಾನಿಟರ್ ಮೇಷ್ಟ್ರ ಕಡೆಯಿಂದ ಮಕ್ಕಳ ಕಡೆ ನೋಡುತ್ತಾನೆ. ಪ್ರತಿನಿಧಿ ಮಕ್ಕಳ ಕಡೆಯಿಂದ ಮೇಷ್ಟ್ರ ಕಡೆ ನೋಡಬೇಕು. ಒಂದೇ ಮಗುವಿಗೆ ಎರಡೂ ಕೆಲಸ ಕೊಟ್ಟರೆ ಉಳಿದ ಮಕ್ಕಳು ಅದರ ಹತ್ತಿರ ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ತಮ್ಮ ಹೆಸರನ್ನು ಬೋರ್ಡಿನಲ್ಲಿ ಬರೆದವಳ ಹತ್ತಿರ ಮಧ್ಯಾಹ್ನ ಹೋಗಿ ಶೌಚಾಲಯದ ಚಿಲಕ ಮುರಿದಿದೆ ಎಂದು ಯಾವ ಹುಡುಗಿ ಹೇಳುತ್ತಾಳೆ?

ಕೆಲವು ಕಡೆ ಶಿಸ್ತಿನ ಮಂತ್ರಿಯ ಕೈಗೆ ಸ್ಕೇಲು ಕೊಡುವುದೂ ಉಂಟು. ಇದು ತಪ್ಪು ಅಂತಷ್ಟೇ ಹೇಳಿದರೆ ಸಾಲದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮೇಷ್ಟ್ರಿಗೇ ಇಲ್ಲದ ಅಧಿಕಾರವನ್ನು ಏಳನೇ ಕ್ಲಾಸಿನ ಹುಡುಗನಿಗೆ ಕೊಡಲು ಆಗುವುದಿಲ್ಲ.

ಮಕ್ಕಳ ಮಾತು ಕೇಳಬೇಕು ಎನ್ನುವುದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಅವಕಾಶವಲ್ಲ, ಹಕ್ಕು. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದನ್ನೇ ಹೇಳುತ್ತದೆ. ಮಗುವಿಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ತನ್ನ ಅಭಿಪ್ರಾಯ ಹೇಳುವ ಹಕ್ಕು ಅದಕ್ಕಿದೆ. ಅದರ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಆ ಮಾತಿಗೆ ಬೆಲೆ ಕೊಡಬೇಕು. ಭಾರತ 1992ರಲ್ಲಿ ಈ ಒಡಂಬಡಿಕೆಗೆ ಸೇರಿತು. 12ನೇ ವಿಧಿಯ ಮೊದಲ ಅರ್ಧವನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಬೆಲೆ ಕೊಡಬೇಕು ಎನ್ನುವ ಇನ್ನರ್ಧದ ಸುದ್ದಿ ಎತ್ತುವವರು ಕಮ್ಮಿ. ಬೆಲ್‌ಫಾಸ್ಟಿನ ಪ್ರಾಧ್ಯಾಪಕಿ ಲಾರಾ ಲುಂಡಿ 2007ರಲ್ಲಿ ಇದನ್ನೇ ನಾಲ್ಕು ಮಾತಿನಲ್ಲಿ ಬಿಡಿಸಿಟ್ಟರು. ಮಗುವಿಗೆ ಮಾತಾಡಲು ಜಾಗ ಬೇಕು. ಮಾತು ಹೊರಡಲು ನೆರವು ಬೇಕು. ಕೇಳಬೇಕಾದವರು ಎದುರಿಗೆ ಕೂತಿರಬೇಕು. ಆ ಮಾತಿನಿಂದ ಏನಾದರೂ ಬದಲಾಗುವಂತಿರಬೇಕು. ನಮ್ಮ ಶಾಲಾ ಸಂಸತ್ತುಗಳು ಹೆಚ್ಚಾಗಿ ಎಡವುವುದು ಕೊನೆಯ ಎರಡರಲ್ಲಿ.

ಹಾಗಾದರೆ ಸರಿಯಾಗಿ ನಡೆಯುವ ಸಂಸತ್ತು ಹೇಗಿರುತ್ತದೆ? ಮಧುಗಿರಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನೋಡಿದ ನಡವಳಿ ಪುಸ್ತಕದ ಬಗ್ಗೆ ಹೇಳುತ್ತೇನೆ. ಇನ್ನೂರು ಪುಟದ ಮಾಮೂಲಿ ನೋಟ್‌ಬುಕ್. ಪೆನ್ಸಿಲಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದರು. ವಿಷಯ, ಯಾವ ಕ್ಲಾಸು, ಏನಾಯಿತು. ಒಂದು ಕಡೆ ದಪ್ಪ ಅಕ್ಷರದಲ್ಲಿ 'ಕೈ ತೊಳೆಯುವ ನಲ್ಲಿ ಒಂದನೇ ಕ್ಲಾಸಿನವರಿಗೆ ಎಟಕುವುದಿಲ್ಲ' ಎಂದಿತ್ತು. ಪಕ್ಕದಲ್ಲಿ: 'ಕೆಳಗೆ ಕಲ್ಲು ಹಾಕಿಸಿದರು.' ಇನ್ನೊಂದು ಸಾಲು: 'ಊಟಕ್ಕೆ ದೊಡ್ಡವರು ಮೊದಲು ಹೋಗುತ್ತಾರೆ, ಚಿಕ್ಕವರಿಗೆ ಸಾರು ತಣ್ಣಗಾಗಿರುತ್ತದೆ.' ಉತ್ತರ: 'ಸೋಮವಾರದಿಂದ ಒಂದನೇ ಕ್ಲಾಸು ಮೊದಲು.' ಮೂರನೆಯದು: 'ಆಟದ ಪೀರಿಯಡ್ಡಿನಲ್ಲಿ ಹುಡುಗಿಯರಿಗೆ ಬಾಲ್ ಕೊಡುವುದಿಲ್ಲ.' ಅದಕ್ಕೂ ದಿನ ಹಂಚಿಕೊಟ್ಟಿದ್ದರು. ಕಾಂಪೌಂಡ್ ಬೇಕು ಎಂದು ಕೇಳಿದ ಕಡೆ ಹೆಡ್ಮಾಸ್ಟರು ತಮ್ಮ ಕೈಯಲ್ಲೇ ಬರೆದಿದ್ದರು: 'ಈಗ ಆಗುವುದಿಲ್ಲ. ಹಣ ಬಂದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇಡುತ್ತೇನೆ.'

ನನಗೆ ತುಂಬ ಇಷ್ಟವಾದದ್ದು ಈ ಕೊನೆಯ ಸಾಲು. ಆಗುವುದಿಲ್ಲ ಎನ್ನುವುದೂ ಒಂದು ಉತ್ತರವೇ, ಕಾರಣ ಹೇಳಿದರೆ. ಮಕ್ಕಳು ಕೇಳಿದ್ದೆಲ್ಲ ಕೊಡಬೇಕು ಎಂದು ಯಾರೂ ಹೇಳುತ್ತಿಲ್ಲ. ಪಠ್ಯ, ಪರೀಕ್ಷೆಯ ದಿನ, ಮೇಷ್ಟ್ರ ವರ್ಗಾವಣೆ ಇವೆಲ್ಲ ಆ ಶಾಲೆಯ ಕೈಯಲ್ಲೇ ಇಲ್ಲ. ಆದರೆ ಮೂರನೇ ಕಾಲಂ ಖಾಲಿ ಬಿಟ್ಟರೆ ಎರಡನೇ ಸಭೆಗೆ ಮಕ್ಕಳು ಬರುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ಪೆಟ್ಟಿಗೆಗೂ ಇದೇ ಮಾತು. ಗೋಡೆಗೆ ಹೊಡೆದ ಸಲಹಾ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಅದನ್ನು ಸುಮ್ನೆ ಇಟ್ಟು ಏನು ಉಪಯೋಗ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಗಳ ಮಕ್ಕಳು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಪಾವಗಡದ ಕಡೆ, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಕಲೆ ಬೀಳುವುದು ಮಕ್ಕಳ ವಯಸ್ಸಿನಲ್ಲೇ. ಶಾಲೆಯ ಫಿಲ್ಟರ್ ಕೆಟ್ಟು ಎಷ್ಟು ದಿನವಾಯಿತು, ಆಮೇಲೆ ಯಾವ ನೀರು ಕುಡಿಯುತ್ತಿದ್ದೇವೆ ಎನ್ನುವುದು ದಿನಾ ಬಾಟಲಿ ತುಂಬಿಸಿಕೊಳ್ಳುವ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಆರೋಗ್ಯ ಮಂತ್ರಿ ಪ್ರಾರ್ಥನೆಯ ಹೊತ್ತಿಗೆ ಉಗುರು ನೋಡಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಈ ವಿಷಯವನ್ನೂ ಸಭೆಗೆ ತರಲಿ.

ಇನ್ನು ಭಾಷೆ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಉರ್ದು ಮಾತಾಡುವ ಮಕ್ಕಳೂ ಇದ್ದಾರೆ. ಅಂಥ ಮಗುವನ್ನು ಎದ್ದು ನಿಲ್ಲಿಸಿ 'ಮಾನ್ಯ ಸಭಾಧ್ಯಕ್ಷರೇ' ಎಂದು ಬರೆದುಕೊಟ್ಟದ್ದನ್ನು ಓದಿಸುವುದು ನೋಡಿದರೆ ಸಂಕಟವಾಗುತ್ತದೆ. ಓದಿ ಮುಗಿಸಿ ಕೂತ ಮೇಲೆ ಪಕ್ಕದವಳ ಕಿವಿಯಲ್ಲಿ ಅದು ತೆಲುಗಿನಲ್ಲಿ ಹೇಳುವುದೇ ನಿಜವಾದ ದೂರು. ಕನ್ನಡ ಕಲಿಸಲು ದಿನವಿಡೀ ಪೀರಿಯಡ್ಡುಗಳಿವೆ. ಸಂಸತ್ತಿನಲ್ಲಿ ಯಾವ ಮಾತಿನಲ್ಲಿ ಬಂದರೂ ಕೇಳಿಸಿಕೊಳ್ಳಿ. ಬರೆಯುವವರು ಕನ್ನಡದಲ್ಲಿ ಬರೆದುಕೊಂಡರಾಯಿತು.

ಚುನಾವಣೆ ಬೇಡ ಎಂದಲ್ಲ. ಗುಟ್ಟಾಗಿ ಓಟು ಹಾಕುವುದು, ಸೋತಾಗ ಒಪ್ಪಿಕೊಳ್ಳುವುದು ಕಲಿಯಬೇಕಾದದ್ದೇ. ಆದರೆ ಇಡೀ ಶಾಲೆಗೆ ಒಂದೇ ಪಟ್ಟಿ ಇಟ್ಟರೆ ಗೆಲ್ಲುವವನು ಸಾಮಾನ್ಯವಾಗಿ ಮೇಲಿನ ಕ್ಲಾಸಿನ, ಚೆನ್ನಾಗಿ ಮಾತಾಡುವ ಹುಡುಗ. ಪ್ರತಿ ಕ್ಲಾಸಿನಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ಎಂದು ಇಟ್ಟುಕೊಂಡರೆ ಎರಡನೇ ಕ್ಲಾಸಿನ ಮಾತೂ ಬರುತ್ತದೆ. ಇಪ್ಪತ್ತು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಓಟಿನ ಗೊಡವೆಯೇ ಬೇಡ. ಎಲ್ಲರೂ ದುಂಡಗೆ ಕೂತರೆ ಅದೇ ಸಂಸತ್ತು.

ಕೊನೆಗೆ ಇನ್ನೊಂದು ಗೊಂದಲ. ಶಾಲಾ ಸಂಸತ್ತನ್ನೂ ಮಕ್ಕಳ ಗ್ರಾಮಸಭೆಯನ್ನೂ ಒಂದೇ ಎಂದು ತಿಳಿದವರಿದ್ದಾರೆ. ಸಂಸತ್ತು ಶಾಲೆಯದು, ಅಲ್ಲಿ ಉತ್ತರ ಕೊಡಬೇಕಾದವರು ಹೆಡ್ಮಾಸ್ಟರು. ಗ್ರಾಮಸಭೆ ಪಂಚಾಯಿತಿಯದು, ಅಲ್ಲಿ ಉತ್ತರ ಕೊಡಬೇಕಾದವರು ಅಧ್ಯಕ್ಷರು ಮತ್ತು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಶಾಲೆಯ ದಾರಿಯ ಬೀದಿದೀಪ, ಬಸ್ ನಿಲ್ದಾಣದ ಹತ್ತಿರದ ಹೆಂಡದಂಗಡಿ, ಕಾಂಪೌಂಡು ಇಂಥವು ಶಾಲೆಯಲ್ಲಿ ಬಗೆಹರಿಯುವುದಿಲ್ಲ. ಮೂರನೇ ಕಾಲಂನಲ್ಲಿ 'ಈಗ ಆಗುವುದಿಲ್ಲ' ಎಂದು ನಿಂತ ಸಾಲುಗಳನ್ನು ಒಂದು ಹಾಳೆಗೆ ಬರೆದುಕೊಂಡು ಮಕ್ಕಳು ಆ ಸಭೆಗೆ ಹೋಗಬಹುದು. ಪಂಚಾಯಿತಿಯವರು ಚಾಕೊಲೇಟ್ ಹಂಚಿ ಕಳಿಸುವ ಮೊದಲು ಆ ಹಾಳೆಗೆ ಸ್ವೀಕೃತಿ ಹಾಕಿಸಿಕೊಂಡು ಬರಬೇಕು. ಅಷ್ಟನ್ನು ಜೊತೆಗೆ ಹೋಗುವ ಮೇಷ್ಟ್ರು ನೋಡಿಕೊಳ್ಳಲಿ.